ಅಕ್ಕಿಯಲ್ಲಿ ಬರೆದ ಹೆಸರು

"ಮುಟ್ಟಬ್ಯಾಡ ತಂಗಿ, ಅಲ್ಲೇ ಇಡು. ಮುಟ್ಟಿದ್ರೂ ಚಾಲೂ ಮಾಡಬ್ಯಾಡ. ಚಾಲೂ ಆದ್ರೂ, ಒಳಗಿಂದ ಯಾರು ಕರದ್ರೂ ಓ ಅನಬ್ಯಾಡ."

ಸ್ಟೂಲಿನ ಮೇಲೆ ನಿಂತು ಅಟ್ಟ ಗುಡಿಸುತ್ತಿದ್ದ ಶರ್ವರಿ, ಅತ್ತೆಯ ಮಾತು ಮುಗಿಯುವಷ್ಟರಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿಯೂ ಆಗಿತ್ತು. ಉಪ್ಪಿನಕಾಯಿ ಭರಣಿಗಳ ಹಿಂದೆ, ಅರಿಸಿನದ ಬೇರು ಮತ್ತು ಒಣಗಿ ಕಪ್ಪಾದ ನಿಂಬೆಹಣ್ಣುಗಳ ಜೊತೆ ಕಟ್ಟಿಟ್ಟಿದ್ದ ಆ ಗಂಟಿನಲ್ಲಿ ಬಂಗಾರವೂ ಇರಲಿಲ್ಲ, ಹಳೆಯ ಪತ್ರಗಳೂ ಇರಲಿಲ್ಲ. ಒಂದು ವಿಡಿಯೋ ಗೇಮ್ ಇತ್ತು. ಪುಸ್ತಕದ ಹಾಗೆ ಮಡಿಚುವ, ಮೇಲೊಂದು ಕೆಳಗೊಂದು ಪರದೆ ಇರುವ, ಕೈಯಲ್ಲಿ ಹಿಡಿದು ಆಡುವ ಹಳೆಯ ಕನ್ಸೋಲ್. ಅವಳಿಗೆ ನಗು ತಡೆಯಲಾಗಲಿಲ್ಲ.

"ಅತ್ಯಾ, ಇದಕ್ಕ ಯಾಕ್ರಿ ನಿಂಬೆಹಣ್ಣು? ಇದಕ್ಕ ಬೇಕಾಗಿದ್ದು ಚಾರ್ಜರ್."

ಅತ್ತೆ ರಂಗೂಬಾಯಿ ನಗಲಿಲ್ಲ. ಕೆಳಗೆ ನಿಂತು ಸ್ಟೂಲಿನ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಬೇಡ ಎಂದದ್ದನ್ನು ಮಾಡಿಯೇ ತೀರುವ ಹಟ ಶರ್ವರಿಯದು. ಎಂಟು ತಿಂಗಳ ಹಿಂದೆ ಬೆಳಗಾವಿಯಿಂದ ಪುಣೆಯ ಸದಾಶಿವ ಪೇಠದ ಈ ಹಳೇ ವಾಡೆಯ ಮಹಡಿ ಮನೆಗೆ ಸೊಸೆಯಾಗಿ ಬಂದ ದಿನವೇ ಅದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಮನೆಯ ಪದ್ಧತಿಯಂತೆ ಬೆಳ್ಳಿಯ ತಾಟಿನಲ್ಲಿ ಅಕ್ಕಿ ಹರಡಿದ್ದರು. ಗಂಡನಾದವನು ಉಂಗುರದ ತುದಿಯಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯಬೇಕು. ತವರಿನ ಹೆಸರು ಅಂದಿಗೆ ಮುಗಿಯಿತು. ಅತ್ತೆ ಆರಿಸಿದ್ದ ಹೆಸರು ಪಂಕಜಾಕ್ಷಿ. ಮಧ್ವೇಶ ಕೊನೆಯ ಅಕ್ಷರ ಮುಗಿಸುತ್ತಲೇ ಶರ್ವರಿ ಅಂಗೈ ಚಾಚಿ ಇಡೀ ಹೆಸರನ್ನು ಒರೆಸಿಬಿಟ್ಟಳು.

"ನನ್ನ ಹೆಸರು ಶರ್ವರಿ ಅದ. ನಾಯಿಮರಿ ತಂದಂಗ ತಂದು ಹೆಸರಿಡಬ್ಯಾಡ್ರಿ ನನಗ."

ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ರಂಗೂಬಾಯಿ ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಎರಡು ಸಲ ಆ ಹೆಸರಿನಿಂದ ಕರೆದು ನೋಡಿದರು. ಶರ್ವರಿ ತಿರುಗಿಯೂ ನೋಡಲಿಲ್ಲ. ಅವತ್ತಿನಿಂದ 'ತಂಗಿ' ಅನ್ನತೊಡಗಿದರು. ಅತ್ತೆ ಸೋತರು, ತಾನು ಗೆದ್ದೆ ಎಂದು ಶರ್ವರಿ ಲೆಕ್ಕ ಹಾಕಿದ್ದಳು. ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುವವಳು, ಅವಳ ಲೆಕ್ಕ ತಪ್ಪುವುದು ಕಡಿಮೆ.

"ನಮ್ಮ ಶ್ಯಾಮನ್ನ ನುಂಗಿದ್ದು ಆ ಡಬ್ಬೀನ ನೋಡವಾ," ಈಗ ಸ್ಟೂಲಿನ ಕೆಳಗಿಂದ ರಂಗೂಬಾಯಿ ಪಿಸುಗುಟ್ಟಿದರು.

ಶ್ಯಾಮ ಮಧ್ವೇಶನ ತಮ್ಮ. ಒಳಕೋಣೆಯ ಮಂಚದ ಮೇಲೆ ಐದು ವರ್ಷದಿಂದ ಕಣ್ಣು ತೆರೆದೇ ಮಲಗಿದ್ದ. ಕಣ್ಣು ತೆರೆದಿದ್ದವು, ಅಷ್ಟೇ. ಒಳಗೆ ಯಾರೂ ಇರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಎತ್ತರದ ಹುಡುಗ ಈಗ ಹಾಸಿಗೆಗೆ ಅಂಟಿಕೊಂಡ ಎಲುಬಿನ ಗೂಡಾಗಿದ್ದ. ತುತ್ತು ಇಟ್ಟರೆ ನುಂಗುತ್ತಿದ್ದವನು ಹದಿನೈದು ದಿನದಿಂದ ಅದನ್ನೂ ಬಿಟ್ಟಿದ್ದ. ಮೂಗಿಗೆ ನಳಿಗೆ ಹಾಕಿ ಹಾಲು ಬಿಡುತ್ತಿದ್ದರು. ದೀಪಾವಳಿ ದಾಟುವುದು ಕಷ್ಟ ಎಂದು ಡಾಕ್ಟರು ಮಧ್ವೇಶನ ಹೆಗಲ ಮೇಲೆ ಕೈಯಿಟ್ಟು ಹೇಳಿ ಹೋಗಿದ್ದರು. ದೀಪಾವಳಿಗೆ ಒಂಬತ್ತು ದಿನ ಇತ್ತು.

ರಂಗೂಬಾಯಿ ಹೇಳಿದ ಕತೆ ಇಷ್ಟು. ಗಲ್ಲಿಯ ಮೂಲೆಯಲ್ಲಿ ರೇಡಿಯೋ, ಮೊಬೈಲ್ ರಿಪೇರಿ ಮಾಡುತ್ತಿದ್ದ ದತ್ತು ಎಂಬವನು ಇದನ್ನು ಶ್ಯಾಮನಿಗೆ ಕರೆದು ಕೊಟ್ಟ. ಅವನ ಮಗಳು ಸೋನಾಲಿ ಆಗ ಹೀಗೆಯೇ ಕಣ್ಣು ತೆರೆದು ಮಲಗಿದ್ದಳು. ರಕ್ತ ಹೀರುವ ದೊರೆಯೊಬ್ಬನ ಕೋಟೆ, ಅವನನ್ನು ಕೊಲ್ಲಲು ಹೊರಟ ಬೇಟೆಗಾರ, ಅದೇ ಆಟ. ಹೆಸರು ಬರೆದು ಒಳಗೆ ಹೋಗಬೇಕು. ಕೋಟೆಯ ತುದಿ ಮುಟ್ಟಿದರೆ ಅಲ್ಲೊಂದು ಶವಪೆಟ್ಟಿಗೆ ತೆರೆದು, ಬರೆದ ಹೆಸರನ್ನು ಕರೆಯುತ್ತದೆ. ಮೂರು ಸಲ. ಓ ಅಂದವರು ಒಳಗೆ. ಮೊದಲು ಒಳಗಿದ್ದವರು ಹೊರಗೆ. ಮೂರನೆಯ ದಿನ ಶ್ಯಾಮ ಇದನ್ನು ಹಿಡಿದುಕೊಂಡೇ ಯಾರಿಗೋ ಓ ಅಂದ. ಅದೇ ಗಳಿಗೆಗೆ ಅತ್ತ ಸೋನಾಲಿ ಎದ್ದು ಕೂತು ಚಹಾ ಕೇಳಿದಳಂತೆ. ವರ್ಷದ ಮೇಲೆ ದತ್ತು ತಾನೇ ಬಂದು ರಂಗೂಬಾಯಿಯ ಕಾಲು ಹಿಡಿದು ಎಲ್ಲ ಒಪ್ಪಿಕೊಂಡು, ಮಗಳೊಂದಿಗೆ ಸಾಸವಡಕ್ಕೆ ಹೋದವನು ತಿರುಗಿ ಬರಲಿಲ್ಲ. ಯಾರು ಯಾರಿಗೆ ಮಾಡಿಸಿದ ಮಾಟವೋ, ಅವನಿಗೂ ಗೊತ್ತಿರಲಿಲ್ಲ. ಒಡೆದು ಹಾಕಿದರೆ ಒಳಗಿದ್ದವರು ಒಳಗೇ ಉಳಿಯುತ್ತಾರೆಂದು ಮಾತ್ರ ಹೇಳಿದ್ದ.

ಶರ್ವರಿ ಮೂಗು ಮುರಿದಳು. "ಅದು ಮೆದುಳಿನ ಜಡ್ಡು ಅತ್ಯಾ. ಪಾಪ, ಈ ಡಬ್ಬಿ ಏನ್ ಮಾಡೀತು? ತಡೀರಿ, ನಾನ ಆಡಿ ತೋರಸ್ತೀನಿ. ಹಾಸ್ಟೆಲಿನಾಗ ಇಂಥಾವು ಎಷ್ಟು ಮುಗಿಸೀನಿ ನಾ."

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸದಾಶಿವ ಪೇಠ ಶಟರ್ ಎಳೆದುಕೊಂಡು ಮಲಗುತ್ತದೆ. ಅಂಗಡಿ ಮುಚ್ಚಿರುತ್ತವೆ, ರಿಕ್ಷಾಗಳು ನೆರಳು ಹುಡುಕಿ ನಿಂತಿರುತ್ತವೆ, ಆ ಹೊತ್ತಿನಲ್ಲಿ ಬೆಲ್ ಒತ್ತಿದವನಿಗೆ ಬೈಗುಳ ಗ್ಯಾರಂಟಿ. ಮಧ್ವೇಶ ಆಫೀಸಿನಲ್ಲಿದ್ದ. ಶರ್ವರಿ ನಡುಕೋಣೆಯ ಕಿಟಕಿ ಮುಚ್ಚಿ, ಸ್ಕ್ರೂಡ್ರೈವರ್ ತಂದು ಕನ್ಸೋಲಿನ ಬೆನ್ನು ಬಿಚ್ಚಿದಳು.

ಬ್ಯಾಟರಿ ಇರಬೇಕಾದ ಜಾಗದಲ್ಲಿ ಬ್ಯಾಟರಿ ಇರಲಿಲ್ಲ. ಉಗುರಗಲದ ತಾಮ್ರದ ತಗಡಿತ್ತು, ಸುರುಳಿ ಸುತ್ತಿ ಕರಿ ದಾರದಿಂದ ಬಿಗಿದದ್ದು. ದಾರದೊಳಗೆ ಕೂದಲು. ಹಳೆಯ ರಕ್ತದಂತೆ ಕಪ್ಪಿಟ್ಟ ಕುಂಕುಮ. ಬಾಡಿದ ಹೂವು ಕೊಳೆತ ವಾಸನೆ ಮೂಗಿಗೆ ಬಡಿಯಿತು. "ಥೂ, ಹೊಲಸು," ಎಂದು ಅದನ್ನು ಹಾಗೇ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದಳು. ತಿರುಗಿ ಬಂದಾಗ ಪರದೆ ಹೊತ್ತಿಕೊಂಡಿತ್ತು.

'ಎಲ್ಲೋ ಸ್ವಲ್ಪ ಕರೆಂಟ್ ಉಳಿದಿರಬೇಕು,' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಎತ್ತಿಕೊಂಡಾಗ ಅದು ಬೆಚ್ಚಗಿತ್ತು. ಯಾರೋ ಈಗಷ್ಟೇ ಕೈಯಿಂದ ಇಳಿಸಿದ ಹಾಗೆ.

ಹೆಸರು ಬರೆಯುವ ಜಾಗ ಬಂತು. ಕೆಳಗಿನ ಪರದೆ ಪೂರ್ತಿ ಬಿಳಿ, ತರಿತರಿ. ಬೆರಳು ಎಳೆದಲ್ಲಿ ಕಾಳು ಸರಿದು ಗೆರೆ ಮೂಡುತ್ತಿತ್ತು. ತಾಟಿನಲ್ಲಿ ಹರಡಿದ ಅಕ್ಕಿಯೇ. ಶರ್ವರಿಗೆ ಸಿಟ್ಟು ಬಂತು, ಯಾಕೆಂದು ಗೊತ್ತಾಗಲಿಲ್ಲ. ಚೇಷ್ಟೆಗೆ 'ಗುಂಡ್ಯಾ' ಎಂದು ಬರೆದು ಒಳಗೆ ನುಗ್ಗಿದಳು.

ಉದ್ದ ಕೋಟಿನ ಬೇಟೆಗಾರ, ಕೈಯಲ್ಲಿ ಬೆಳ್ಳಿಯ ಭರ್ಜಿ, ಸೊಂಟದಲ್ಲಿ ಕಂದೀಲು. ಕಬ್ಬಿಣದ ಬಾಗಿಲು. ಬಾಗಿಲಲ್ಲಿ ತೋಳ. ಶರ್ವರಿಯ ಹೆಬ್ಬೆರಳುಗಳು ಹಳೆಯ ಚುರುಕನ್ನು ಮರೆತಿರಲಿಲ್ಲ. ತೋಳ ಬಿತ್ತು. ಬಾವಲಿಗಳು ಬಿದ್ದವು. ಮೆಟ್ಟಿಲು, ಮೆಟ್ಟಿಲ ಮೇಲೆ ಮೆಟ್ಟಿಲು. ಆಟ ಚೆನ್ನಾಗಿಯೇ ಇತ್ತು ಕಣ್ರೀ, ಸುಳ್ಳು ಯಾಕೆ ಹೇಳಬೇಕು? ಅವಳು ಮಾಟವನ್ನೂ ಮರೆತಳು, ಸಂಜೆಯ ಕ್ಲಾಸನ್ನೂ ಮರೆತಳು. ಮೂರನೆಯ ಮಾಳಿಗೆಗೆ ಬಂದಾಗ ಕಿಟಕಿಯ ಕೆಳಗೆ ಒಬ್ಬ ಹುಡುಗ ಕೂತಿದ್ದ. ಬೆನ್ನು ಈ ಕಡೆ. ಹಸಿರು ಚೌಕಳಿಯ ಅಂಗಿ.

ಆ ಅಂಗಿಯನ್ನು ಅವಳು ದಿನಾ ನೋಡುತ್ತಿದ್ದಳು. ನಡುಕೋಣೆಯ ಗೋಡೆಯ ಮೇಲಿನ ಫೋಟೋದಲ್ಲಿ ಶ್ಯಾಮ ತೊಟ್ಟಿದ್ದ ಅಂಗಿ ಅದು.

ಕಂದೀಲನ್ನು ಆ ಹುಡುಗನ ಹತ್ತಿರ ಒಯ್ದಳು. ಒಳಕೋಣೆಯಿಂದ ನರಳಿಕೆ ಕೇಳಿಸಿತು.

ಐದು ವರ್ಷದಿಂದ ಸದ್ದೇ ಮಾಡದ ಗಂಟಲಿನ ನರಳಿಕೆ. ಶರ್ವರಿ ಕನ್ಸೋಲ್ ಹಿಡಿದುಕೊಂಡೇ ಓಡಿದಳು. ಶ್ಯಾಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎಣ್ಣೆದೀಪದ ಮಸಿಯ ವಾಸನೆ. ಅವಳು ಬೇಟೆಗಾರನನ್ನು ಎಡಕ್ಕೆ ನಡೆಸಿದಳು. ಶ್ಯಾಮನ ಕಣ್ಣು ಎಡಕ್ಕೆ ಹೊರಳಿದವು. ಬಲಕ್ಕೆ. ಕಣ್ಣೂ ಬಲಕ್ಕೆ. ಅವಳು ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಈಗರೆ ನಂಬಿದೇನು?" ಬಾಗಿಲಲ್ಲಿ ರಂಗೂಬಾಯಿ ನಿಂತಿದ್ದರು.

"ನಂಬಿದೆ ಅತ್ಯಾ."

ರಂಗೂಬಾಯಿ ಹತ್ತಿರ ಬಂದು ಕೂತು ಸೊಸೆಯ ಕೈ ಹಿಡಿದುಕೊಂಡರು. ಸಂಧಿವಾತಕ್ಕೆ ಸೊಟ್ಟಾದ ಬೆರಳುಗಳು. "ನಾನೂ ಆಡಿ ನೋಡೀನಿ ತಂಗಿ. ಒಂದೆರಡು ಸಲ ಅಲ್ಲ. 'ರಂಗೂಬಾಯಿ' ಅಂತ ಬರದು ಒಳಗ ಹೋಗ್ತಿದ್ದೆ. ಮೊದಲನೇ ಬಾಗಿಲದಾಗ ಆ ಸುಡುಗಾಡು ತೋಳ ಕೊಂದ ಬಿಡ್ತದ. ನನ್ನ ಬೆರಳು ಓಡೂದಿಲ್ಲ. ನೀ ಶಾಣ್ಯಾ ಇದ್ದಿ. ನನ್ನ ಹೆಸರು ಬರದು ತುದೀತನಕ ಆಡು. ಅದು ಕರದ್ರ ನಾ ಓ ಅಂತೀನಿ. ನನ್ನ ಕೂಸು ಹೊರಗ ಬರಲಿ."

"ಸಾಧ್ಯ ಇಲ್ರಿ!" ಶರ್ವರಿ ಕೈ ಕೊಸರಿಕೊಂಡಳು. "ಅದಕ್ಕ ನಾ ಯಾರನ್ನೂ ಕೊಡಂಗಿಲ್ಲ. ಒಬ್ಬರನ್ನ ಬಿಡಿಸಲಿಕ್ಕೆ ಇನ್ನೊಬ್ಬರನ್ನ ಹಾಕೂದೇನು, ಇದೇನು ಸಂತಿ ವ್ಯಾಪಾರ ಏನ್ರಿ? ದತ್ತು ಮಾಡಿದ್ದ ನಾವೂ ಮಾಡಿದ್ರ ಅವಗೂ ನಮಗೂ ಏನು ಫರಕ್?"

"ಮತ್ತ ಶ್ಯಾಮ?"

"ಶ್ಯಾಮನ್ನ ಕಸಗೊಂಡು ಬರ್ತೀನಿ. ಕೇಳಿ ಅಲ್ಲ, ಹೊಡದು."

ಆ ಇಡೀ ಸಂಜೆ ಅವಳು ಲೆಕ್ಕ ಹಾಕಿದಳು. ಇಂಥ ಆಟಗಳಲ್ಲಿ ದೊಡ್ಡ ರಾಕ್ಷಸನಿಗೆ ಏಟು ತಾಗುವ ಒಂದು ಗಳಿಗೆ ಇದ್ದೇ ಇರುತ್ತದೆ. ದೊರೆ ಪೆಟ್ಟಿಗೆಯಲ್ಲಿ ಮುಚ್ಚಿಕೊಂಡಿರುವಷ್ಟು ಹೊತ್ತು ಏನೂ ಮಾಡುವಂತಿಲ್ಲ. ಕರೆಯುವುದಕ್ಕೆ ಮುಚ್ಚಳ ತೆರೆಯಲೇಬೇಕು. ಮೂರು ಕರೆ, ಮೂರು ಏಟು. ಆ ಹೊತ್ತಿನಲ್ಲಿ ಯಾರೂ ಓ ಅನ್ನಬಾರದು, ಅಷ್ಟೇ. ಹಾಗಾದರೆ ಯಾರದ್ದೂ ಅಲ್ಲದ ಹೆಸರು ಬೇಕು. 'ಗುಂಡ್ಯಾ' ಎಂದರೆ ಕೆಳಗಿನ ಗಲ್ಲಿಯಲ್ಲಿ ಯಾರಾದರೂ ತಿರುಗಿಯಾರು. ಈ ವಾಡೆಯಲ್ಲಿ ಯಾರಿಗೂ ಇಲ್ಲದ, ಯಾರೂ ಬಳಸದ, ತಾನಂತೂ ಸತ್ತರೂ ಓಗೊಡದ ಹೆಸರು ಒಂದಿತ್ತು. ತನ್ನ ಕೈಯಾರೆ ಒರೆಸಿ ಹಾಕಿದ ಹೆಸರು. ಬೇಡವಾದ ವಸ್ತು ಕೊನೆಗೂ ಉಪಯೋಗಕ್ಕೆ ಬಂತು ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

"ಏನಂತ ಬರೀತಿ?" ಎಂದು ರಂಗೂಬಾಯಿ ಎರಡು ಸಲ ಕೇಳಿದರು.

"ಯಾರದ್ದೂ ಅಲ್ಲದ್ದು ಬರೀತೀನಿ. ನೀವು ಚಿಂತಿ ಮಾಡಬ್ಯಾಡ್ರಿ."

ಮರುದಿನ ಮಧ್ಯಾಹ್ನ. ಶಟರ್‌ಗಳು ಒಂದೊಂದಾಗಿ ಬಿದ್ದವು. ರಂಗೂಬಾಯಿ ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ ಅಡ್ಡಾದರು. ತಲೆಯ ಹತ್ತಿರ ತವರಿನಿಂದ ತಂದ ಹಿತ್ತಾಳೆಯ ತಂಬಿಗೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರ ಮೇಲಿನ ಅಕ್ಷರ ಸವೆದುಹೋಗಿದ್ದವು. ಶರ್ವರಿ ಅಡುಗೆಮನೆಯ ಬಾಗಿಲು ಎಳೆದುಕೊಂಡು, ಶ್ಯಾಮನ ಮಂಚದ ಪಕ್ಕ ನೆಲದ ಮೇಲೆ ಕೂತು, ಬಿಳಿ ಪರದೆಯ ಮೇಲೆ ಬೆರಳಿಟ್ಟಳು.

ಪಂಕಜಾಕ್ಷಿ.

ಹಸಿ ಅಕ್ಕಿಯ ವಾಸನೆ ಬಂತು. ಆಮೇಲೆ ಕೋಣೆಯಲ್ಲಿ ಬೆಳಕು ಕುಂದಿತು. ಹೊರಗೆ ರಣರಣ ಬಿಸಿಲು. ಕಿಟಕಿಯ ಸಂದಿಯಲ್ಲಿ ಅದು ಕಾಣುತ್ತಿತ್ತು, ಒಳಗೆ ಮಾತ್ರ ಬರುತ್ತಿರಲಿಲ್ಲ. ಗೋಡೆಯ ಸುಣ್ಣ ತೇವವಾಗಿ ತಣ್ಣಗೆ ಬೆವರಿತು. ಎಲ್ಲೋ ದೂರ ತಿದಿಯ ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಎಳೆಯುತ್ತಿತ್ತು.

ತೋಳ ಬಿತ್ತು. ಎರಡನೆಯ ತೋಳ ಬಿತ್ತು. ಶರ್ವರಿ ಉಸಿರು ಬಿಗಿಹಿಡಿದು ಹತ್ತಿದಳು. ಎಲುಬಿನ ಕಾವಲುಗಾರರು, ತಲೆಯಿಲ್ಲದ ಹೆಂಗಸು, ಕನ್ನಡಿಯೊಳಗಿನ ಕೈಗಳು. ಒಂದು ಸಲ ಸತ್ತಳು. ಎರಡು ಸಲ. ಸತ್ತಾಗಲೆಲ್ಲ ಅವಳ ಕುತ್ತಿಗೆಯ ಹತ್ತಿರ ಯಾರೋ ಉಸಿರು ಬಿಟ್ಟ ಹಾಗಾಗುತ್ತಿತ್ತು. "ಉಸಿರು ಬಿಡ್ತೀಯಾ? ಬಿಡು. ಬಂದೆ ತಡಿ," ಎಂದು ಹಲ್ಲು ಕಡಿದಳು. ಮೂರನೆಯ ಸಲ ಮಾಳಿಗೆ ದಾಟಿದಳು. ಹಸಿರು ಅಂಗಿಯ ಹುಡುಗ ಎದ್ದು ಅವಳ ಹಿಂದೆ ಬಂದ. ತುದಿಯ ಕೋಣೆ. ಕಲ್ಲಿನ ಮೇಲೆ ಶವಪೆಟ್ಟಿಗೆ.

ಮುಚ್ಚಳ ಸರಿಯಿತು.

ಗುಡುಗು, ಘರ್ಜನೆ ಏನೋ ಬರುತ್ತದೆಂದು ಕಾದಿದ್ದಳು. ಬಂದದ್ದು ಅದಲ್ಲ. ಸಂಜೆ ಊಟದ ಹೊತ್ತಿಗೆ ಆಡಲು ಹೋದ ಮಗಳನ್ನು ಅಂಗಳದಿಂದ ಕರೆಯುವ ಅಪ್ಪನ ದನಿ. ಅಷ್ಟು ಅಕ್ಕರೆಯ ದನಿ.

"ಪಂಕಜಾಕ್ಷೀ..."

ಹೊಡೆದಳು. ಭರ್ಜಿ ನಾಟಿತು. ಪರದೆಯ ಅಂಚಿನಿಂದ ಬೆಚ್ಚಗೆ ಏನೋ ಒಸರಿ ಬೆರಳಿಗೆ ತಾಗಿತು. ಕಬ್ಬಿಣದ ವಾಸನೆ. ಮಂಚದ ಮೇಲೆ ಶ್ಯಾಮನ ಕಾಲು ಅಲುಗಿತು.

"ಪಂಕಜಾಕ್ಷೀ... ಎಲ್ಲಿದ್ದಿ ಕೂಸ?"

ಎರಡನೆಯ ಏಟು. ದೊರೆ ಬಗ್ಗಿದ. ಶ್ಯಾಮ ಉಸಿರೆಳೆದ, ನೀರಿನಿಂದ ಮೇಲೆ ಬಂದವನ ಹಾಗೆ. ಇನ್ನೊಂದು. ಇನ್ನೊಂದೇ ಏಟು. ಗೆದ್ದೆ. ಗೆದ್ದೇಬಿಟ್ಟೆ.

"ಪಂಕಜಾಕ್ಷೀ..."

"ಓ... ಬಂದೆ ಅಪ್ಪಾ!"

ಶರ್ವರಿಯ ಹೆಬ್ಬೆರಳು ನಿಂತಿತು. ಅಡುಗೆಮನೆಯಿಂದ ಬಂದ ದನಿ. ಎಂಟು ವರ್ಷದ ಹುಡುಗಿಯ ದನಿ. ಬರಿಗಾಲಲ್ಲಿ ಓಡಿ ಬರುವ ಸದ್ದು. ತಂಬಿಗೆ ಉರುಳಿದ ಸದ್ದು. ಬಾಗಿಲು ಧಡಾರನೆ ತೆರೆಯಿತು. ರಂಗೂಬಾಯಿ. ಅರೆನಿದ್ದೆಯ ಕಣ್ಣು. ಕೆದರಿದ ಬಿಳಿ ಕೂದಲು. ಮುಖದ ತುಂಬ ನಗು. ಈ ಎಂಟು ತಿಂಗಳಲ್ಲಿ ಶರ್ವರಿ ಆ ಮುಖದಲ್ಲಿ ಅಂಥ ನಗು ಕಂಡಿರಲಿಲ್ಲ.

"ನನ್ನ ಹೆಸರು ಕರದ್ರು ತಂಗಿ! ನಮ್ಮಪ್ಪ ಕರದಾ. ನಲವತ್ತಾರು ವರ್ಷಾತು... ಈ ಮನಿ ಅಕ್ಕಿಯೊಳಗ ರಂಗೂಬಾಯಿ ಅಂತ ಬರದ ಮ್ಯಾಲೆ, ಆ ಹೆಸರಲೆ ನನ್ನ ಯಾರೂ..."

ಶರ್ವರಿ ಹಾರಿ ಅವರ ಬಾಯಿಗೆ ಕೈ ಅಡ್ಡ ಇಟ್ಟಳು. ತಡವಾಗಿತ್ತು. ಅಂಗೈ ಕೆಳಗೆ ತುಟಿ ತಣ್ಣಗಾದವು. ನಗು ಇದ್ದಲ್ಲೇ ಉಳಿಯಿತು. ಕಣ್ಣು ತೆರೆದೇ ಇದ್ದವು. ರಂಗೂಬಾಯಿ ನಿಂತಲ್ಲಿಂದ ಮೆಲ್ಲಗೆ ಜಾರಿ ಸೊಸೆಯ ತೋಳಿಗೆ ಬಿದ್ದರು.

ಕನ್ಸೋಲಿನಲ್ಲಿ ಮುಚ್ಚಳ ಬಿತ್ತು. ಕೋಣೆಗೆ ಬಿಸಿಲು ಮರಳಿತು.

ಮಂಚದ ಮೇಲಿಂದ, ತುಕ್ಕು ಹಿಡಿದ ದನಿಯಲ್ಲಿ, ಶ್ಯಾಮ ಅಂದ: "ಅವ್ವಾ... ನೀರು."

ಡಾಕ್ಟರು ಬಂದರು, ಪವಾಡ ಎಂದರು, ಒಬ್ಬರಿಗೆ. ಇನ್ನೊಬ್ಬರಿಗೆ ಪಾರ್ಶ್ವವಾಯು ಇರಬಹುದು ಎಂದರು. ಶ್ಯಾಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದು ತಾಯಿಯ ಹಾಸಿಗೆಯ ಪಕ್ಕ ಕೂತವನು ಏಳಲೇ ಇಲ್ಲ. ಮಧ್ವೇಶನಿಗೆ ಶರ್ವರಿ ನಡೆದದ್ದೆಲ್ಲ ಹೇಳಿದಳು. ಅವನಿಗೆ ತಾಯಿಯ ತವರಿನ ಹೆಸರು ಗೊತ್ತೇ ಇರಲಿಲ್ಲ. ಹುಟ್ಟಿದಾಗಿಂದ ಅವ್ವ ಎಂದಷ್ಟೇ ಕರೆದಿದ್ದ. ಕರೆಯುತ್ತಿದ್ದ ಅಜ್ಜ ಅವನು ಹುಟ್ಟುವ ಮೊದಲೇ ತೀರಿಹೋಗಿದ್ದ.

ಅತ್ತೆಯ ಸೀರೆ ಬದಲಿಸುವಾಗ ಶರ್ವರಿಗೆ ಸೆರಗಿನ ಗಂಟು ಸಿಕ್ಕಿತು. ಬೇರೆ ಸೀರೆ, ಆದರೂ ಅದೇ ಗಂಟು. ದಿನಾ ಬಿಚ್ಚಿ ದಿನಾ ಕಟ್ಟಿಕೊಳ್ಳುತ್ತಿದ್ದರು ಅಂತಾಯಿತು. ಒಳಗೆ ಹುಳ ಹಿಡಿದ ಒಂದು ಹಿಡಿ ಅಕ್ಕಿ. ಅವಳು ತಂಬಿಗೆಯನ್ನು ಬೆಳಕಿಗೆ ಹಿಡಿದು ಸವೆದ ಅಕ್ಷರದ ಮೇಲೆ ಬೆರಳಾಡಿಸಿದಳು. ಮೊದಲನೆಯದು 'ಪಂ'. ತನ್ನಿಂದ ಕಿತ್ತುಕೊಂಡ ಹೆಸರನ್ನು ಈ ಹೆಂಗಸು ನಲವತ್ತಾರು ವರ್ಷ ಕಾಪಾಡಿ, ಮನೆಯಲ್ಲಿ ಒಮ್ಮೆಯಾದರೂ ಯಾರಾದರೂ ಅದನ್ನು ಕೂಗಲಿ ಎಂಬ ಆಸೆಗೆ ಸೊಸೆಯ ತಾಟಿನಲ್ಲಿ ಇಟ್ಟಿದ್ದರು. ಅದನ್ನು ಶರ್ವರಿ ಅಂಗೈಯಿಂದ ಒರೆಸಿದ್ದಳು. ಒರೆಸಿದ್ದು ಸಾಲದೆಂದು, ಕಸ ಎಸೆದ ಹಾಗೆ ದೊರೆಯ ಮುಂದೆ ಎಸೆದಿದ್ದಳು. ಶರ್ವರಿ ತಂಬಿಗೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿಸಿ ಮುಖ ತೊಳೆದಳು.

"ಅದನ್ನ ಮುಠಾ ನದಿಗೆ ಒಗದು ಬರ್ತೀನಿ," ಎಂದು ಮಧ್ವೇಶ ಕನ್ಸೋಲಿಗೆ ಕೈ ಹಾಕಿದ.

"ಮುಟ್ಟಬ್ಯಾಡ. ಒಳಗ ಅತ್ಯಾ ಇದ್ದಾರ."

"ಶರ್ವರಿ, ನಿನ್ನ ಕೈ ಮುಗೀತೀನಿ. ನೀನೂ ಹೋದ್ರ?"

"ಎರಡು ಏಟು ತಿಂದದ ಅದು. ಒಂದ ಬಾಕಿ ಅದ." ಅವಳು ಕನ್ಸೋಲನ್ನು ತನ್ನ ಕಡೆ ಎಳೆದುಕೊಂಡಳು. "ಹೋದ ಸಲ ಬ್ಯಾರೆಯವರ ಹೆಸರಿನ ಹಿಂದ ಅಡಗಿ ನಿಂತಿದ್ದೆ. ಈ ಸಲ ಹಂಗಿಲ್ಲ."

ಮರುದಿನ ಮಧ್ಯಾಹ್ನ ಒಂದು ಗಂಟೆ ಹೊಡೆಯಿತು. ಗಲ್ಲಿಯಲ್ಲಿ ಶಟರ್‌ಗಳು ಬಿದ್ದವು. ಅಣ್ಣ ತಮ್ಮ ಇಬ್ಬರೂ ಮಂಚದ ಆ ಕಡೆ, ಈ ಕಡೆ ಕೂತರು. ಶರ್ವರಿ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು.

"ಪಂಕಜಾಕ್ಷವ್ವಾ," ಎಂದಳು. ಆ ಹೆಸರನ್ನು ಅವಳ ಬಾಯಿ ಮೊದಲ ಸಲ ಆಡಿತು. "ನಾ ಬರೂತನಕ ಒಳಗ ಯಾರು ಕರದ್ರೂ ಓ ಅನಬ್ಯಾಡ್ರಿ. ನಾ ಕರದಾಗ ಅನ್ರಿ."

ಬಿಳಿ ಪರದೆಯ ಮೇಲೆ ಒತ್ತಿ ಒತ್ತಿ ಬರೆದಳು. ಶರ್ವರಿ.

ತೋಳಗಳು ಬಿದ್ದವು. ಮಾಳಿಗೆಗಳು ಹಿಂದಾದವು. ಕಿಟಕಿಯ ಕೆಳಗೆ ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಬೆನ್ನು ಮಾಡಿ ಕೂತಿದ್ದಳು. ಅವಳನ್ನೂ ಹಿಂದಿಟ್ಟುಕೊಂಡು ಹತ್ತಿದಳು. ತುದಿಯ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ಆಟ ತಡೆದು, ಅತ್ತೆಯ ಸೆರಗಿನಿಂದ ಬಿಚ್ಚಿಟ್ಟುಕೊಂಡಿದ್ದ ಆ ಹಳೆಯ ಅಕ್ಕಿಯನ್ನು ಹಿಡಿ ತುಂಬ ತೆಗೆದು ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬುವಷ್ಟು, ಓ ಅನ್ನಲು ನಾಲಿಗೆ ಅಲುಗದಷ್ಟು.

ಮುಚ್ಚಳ ಸರಿಯಿತು. ಸತ್ತು ಹತ್ತು ವರ್ಷವಾದ ಅವಳ ಅಪ್ಪನ ದನಿಯಲ್ಲಿ, ಬೆಳಗಾವಿಯ ಮನೆಯ ಜಗುಲಿಯಿಂದ ಕರೆದ ಹಾಗೆ, ಅದು ಕರೆಯಿತು.

"ಶರ್ವರೀ..."

ಕಣ್ಣಿಂದ ನೀರು ಧಾರೆ ಇಳಿಯಿತು. ಅವಳು ಅಕ್ಕಿಯನ್ನು ಕಟಕಟ ಕಚ್ಚಿ ಹಿಡಿದು, ಬಾಕಿ ಇದ್ದ ಒಂದೇ ಏಟಿಗೆ ಭರ್ಜಿ ಎತ್ತಿದಳು.